ಸುಣ್ಣದ ಕಲ್ಲಿನ ಲೆಕ್ಕ: ತೂಕ, ಶಾಖ, ಪರಮಾಣು

ಸುಣ್ಣವನ್ನರಿಯದ ಗ್ರಾಮವಿಲ್ಲ. ಗೋಡೆಗೆ ಬಳಿಯುವುದಕ್ಕೆ, ಗಾರೆ ಅರೆಯುವುದಕ್ಕೆ, ತಾಂಬೂಲಕ್ಕೆ, ಅಡಕೆಯ ಕೊಳೆರೋಗವನ್ನು ತಡೆಯಲು ಮೈಲುತುತ್ತದೊಡನೆ ಸೇರಿಸುವ ಬೋರ್ಡೋ ದ್ರಾವಣಕ್ಕೆ, ಮಲೆನಾಡು ಮತ್ತು ಕರಾವಳಿಯ ಹುಳಿಮಣ್ಣಿನ ಭೂಮಿಗಳಿಗೆ, ಹೀಗೆ ನಾನಾ ವಿಧವಾಗಿ ಅದು ಉಪಯೋಗಿಸಲ್ಪಡುತ್ತಿದೆ. ಆದರೆ ಸುಣ್ಣವನ್ನು ಕೊಳ್ಳುವವರಲ್ಲಿ ಬಹುಮಂದಿ, ತಾವು ತೆತ್ತ ಹಣಕ್ಕೆ ಎಷ್ಟು ಸುಣ್ಣ ದೊರೆಯಿತು, ಎಷ್ಟು ನೀರು ದೊರೆಯಿತು, ಎಷ್ಟು ಗಾಳಿ ದೊರೆಯಿತು ಎಂಬುದನ್ನು ವಿಚಾರಿಸುವುದಿಲ್ಲ. ಗಾಳಿಗೂ ಹಣ ತೆರುವುದುಂಟೆ ಎಂದು ಕೆಲವರು ಆಶ್ಚರ್ಯಪಡಬಹುದು. ಉಂಟು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ತೂಕ, ಶಾಖ, ಪರಮಾಣು ಎಂಬ ರಸಾಯನ ಶಾಸ್ತ್ರದ ಮೂರು ಮೊದಲ ಪಾಠಗಳನ್ನು ಅರಿತುಕೊಂಡರೆ ಸಾಕು. ಇವನ್ನು ಕಲಿಸುವುದಕ್ಕೆ ಸುಣ್ಣದ ಕಲ್ಲಿಗಿಂತ ಉತ್ತಮನಾದ ಉಪಾಧ್ಯಾಯನು ದೊರೆಯುವುದು ಕಷ್ಟ.

ಅಳತೆ ಬೇರೆ, ತೂಕ ಬೇರೆ

ಹಿಂದೆ ಧಾನ್ಯವನ್ನು ಸೇರು, ಕೊಳಗ, ಖಂಡುಗಗಳಿಂದ ಅಳೆಯುತ್ತಿದ್ದುದು ಹಿರಿಯರಿಗೆ ತಿಳಿದ ವಿಷಯ. ಇವು ಪದಾರ್ಥವು ಹಿಡಿಯುವ ಸ್ಥಳದ ಅಳತೆಗಳೇ ಹೊರತು ಪದಾರ್ಥದ ಮೊತ್ತವನ್ನು ತಿಳಿಸತಕ್ಕವುಗಳಲ್ಲ. ಒಂದೂರಿನ ಸೇರು ಮತ್ತೊಂದೂರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ಒಂದೇ ಕೊಳಗದಲ್ಲಿ ಕುಲುಕಿ ತುಂಬಿದ ರಾಗಿಗೂ ಸಡಿಲವಾಗಿ ಸುರಿದ ರಾಗಿಗೂ ವ್ಯತ್ಯಾಸವುಂಟು. ೧೯೫೬ರ ಕಾಯಿದೆಯ ಮೇರೆಗೆ ೧೯೫೮ರಿಂದ ಮೆಟ್ರಿಕ್ ತೂಕಗಳು ದೇಶದಲ್ಲಿ ಹಂತಹಂತವಾಗಿ ಜಾರಿಗೆ ಬಂದು ಈ ಗೊಂದಲವು ಬಹುಮಟ್ಟಿಗೆ ನಿವಾರಣೆಯಾಯಿತು. ಕಿಲೋಗ್ರಾಮಿಗೆ ಪ್ರಮಾಣವಾಗಿ ೧೮೮೯ರಿಂದ ಪ್ಯಾರಿಸ್ ನಗರದ ಸಮೀಪದಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಲೋಹಗಳ ಮಿಶ್ರಣದ ಉರುಳೆಯೊಂದನ್ನು ಕಾಪಾಡಿಕೊಂಡು ಬರಲಾಗಿದ್ದಿತು. ಲೋಹವು ಕಾಲಕ್ರಮದಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಹೊಂದಬಹುದಾದ ಕಾರಣ, ೨೦೧೯ನೆಯ ಮೇ ೨೦ರಿಂದ ಅದಕ್ಕೆ ಬದಲಾಗಿ ಎಂದಿಗೂ ಬದಲಾಗದ ಪ್ರಕೃತಿಯ ಸ್ಥಿರಾಂಕವೊಂದನ್ನು ಆಧಾರವಾಗಿ ಅಂಗೀಕರಿಸಿರುವರು.

ಸುಣ್ಣದ ವಿಷಯದಲ್ಲಿ ಈ ಭೇದವು ಮುಖ್ಯವಾದುದು. ಗೂಡಿನಿಂದ ತಂದ ಸುಟ್ಟ ಸುಣ್ಣದ ಹೆಂಟೆಗಳ ಮೇಲೆ ನೀರು ಚಿಮುಕಿಸಿದರೆ ಅವು ಬಿರಿದು, ಅರಳಿ, ಪುಡಿಯಾಗಿ, ಒಂದು ಮಂಕರಿಯಷ್ಟಿದ್ದುದು ಎರಡು ಮಂಕರಿಗೂ ಮೀರುವುದು. ಆದರೆ ತಕ್ಕಡಿಯಲ್ಲಿ ನೋಡಿದರೆ, ಶುದ್ಧವಾದ ೫೬ ಕಿಲೋ ಸುಟ್ಟ ಸುಣ್ಣವು ೭೪ ಕಿಲೋ ಅರಳಿದ ಸುಣ್ಣವಾಗಿರುವುದು, ಅಷ್ಟೆ. ಹೆಚ್ಚಿದ ೧೮ ಕಿಲೋ, ಸುಣ್ಣವು ಕುಡಿದ ನೀರು. ಮಂಕರಿಯ ಲೆಕ್ಕವು ಕಣ್ಣನ್ನು ವಂಚಿಸುವುದು, ತಕ್ಕಡಿಯು ವಂಚಿಸದು.

ಕಣ್ಣಿಗೆ ಕಾಣದ ೪೪ ಪಾಲು

ಶುದ್ಧವಾದ ೧೦೦ ಕಿಲೋ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಪೂರ್ಣವಾಗಿ ಬೇಯಿಸಿದರೆ ಉಳಿಯುವ ಸುಟ್ಟ ಸುಣ್ಣ ೫೬ ಕಿಲೋ. ಮಿಕ್ಕ ೪೪ ಕಿಲೋ ಎಲ್ಲಿ ಹೋಯಿತು? ಬಹುಕಾಲದವರೆಗೆ ಈ ಪ್ರಶ್ನೆಯನ್ನೇ ಯಾರೂ ಸರಿಯಾಗಿ ಕೇಳಲಿಲ್ಲ. ಸುಟ್ಟ ಸುಣ್ಣಕ್ಕೆ ನಾಲಿಗೆಯನ್ನು ಸುಡುವ ಗುಣವು ಬೆಂಕಿಯಿಂದ ಬಂದುದೆಂದೂ, ಬೆಂಕಿಯ ಕಣಗಳು ಕಲ್ಲಿನೊಳಕ್ಕೆ ಸೇರಿಕೊಂಡಿರುವುವೆಂದೂ ಯೂರೋಪಿನ ಪಂಡಿತರು ನಂಬಿದ್ದರು. ಸ್ಕಾಟ್ಲೆಂಡಿನ ವೈದ್ಯನಾದ ಜೋಸೆಫ್ ಬ್ಲ್ಯಾಕ್ ಎಂಬಾತನು ತಕ್ಕಡಿಯನ್ನು ಮುಂದಿಟ್ಟುಕೊಂಡು ಪರೀಕ್ಷಿಸಿದನು. ಬೆಂಕಿಯು ಕಲ್ಲಿಗೆ ಏನನ್ನಾದರೂ ಸೇರಿಸಿದ್ದರೆ ತೂಕವು ಹೆಚ್ಚಬೇಕಾಗಿತ್ತು. ಆದರೆ ಅದು ಕಡಮೆಯಾಗಿದ್ದಿತು. ಕಲ್ಲಿನೊಳಗೆ ಕಟ್ಟುಬಿದ್ದಿದ್ದ ಒಂದು ಬಗೆಯ ವಾಯುವು ಶಾಖದಿಂದ ಬಿಡುಗಡೆ ಹೊಂದಿ ಹೊರಟುಹೋಗುವುದೆಂದು ಅವನು ೧೭೫೬ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸ್ಥಾಪಿಸಿದನು. ಅದನ್ನೇ ಇಂಗಾಲಾಮ್ಲ ವಾಯುವೆಂದು ಕರೆಯುವರು. ಈಗಿನ ಪಠ್ಯಪುಸ್ತಕಗಳಲ್ಲಿ ಅದರ ಹೆಸರು ಕಾರ್ಬನ್ ಡೈಆಕ್ಸೈಡು.

ಈ ವಾಯುವನ್ನು ಗ್ರಾಮದ ಶಾಲೆಯಲ್ಲಿಯೇ ಗುರುತಿಸಬಹುದು. ಸ್ವಲ್ಪ ಅರಳಿದ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯೆಲ್ಲ ಮುಚ್ಚಿಟ್ಟು, ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿಕೊಳ್ಳಬೇಕು. ಉಪಾಧ್ಯಾಯರು ಒಂದು ಕೊಳವೆಯಿಂದ ಆ ತಿಳಿಯೊಳಕ್ಕೆ ಮೆಲ್ಲನೆ ಉಸಿರನ್ನು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದು. ಸುಣ್ಣದ ನೀರನ್ನು ಬಾಯಿಗೆ ಎಳೆದುಕೊಳ್ಳದಂತೆ ಎಚ್ಚರವಿರಬೇಕು. ಗೂಡಿನಲ್ಲಿ ಕಲ್ಲನ್ನು ಬಿಟ್ಟುಹೋದ ವಾಯುವೇ ಮನುಷ್ಯನ ಉಸಿರಿನಲ್ಲಿಯೂ ಇದ್ದು, ಸುಣ್ಣದೊಡನೆ ಪುನಃ ಕೂಡಿ ಕಲ್ಲಿನ ಪುಡಿಯಾಯಿತೆಂದು ಇದರಿಂದ ತಿಳಿಯಬರುವುದು.

ಶಾಖದ ಜಮಾಖರ್ಚು

ಸುಟ್ಟ ಸುಣ್ಣಕ್ಕೆ ನೀರು ಹಾಕಿದೊಡನೆ ಅದು ಕುದಿದು ಹಬೆಯೆಬ್ಬಿಸುವುದನ್ನು ಎಲ್ಲರೂ ಕಂಡಿದ್ದಾರೆ. ಒಲೆಯಿಲ್ಲ, ಸೌದೆಯಿಲ್ಲ, ಈ ಶಾಖವೆಲ್ಲಿಯದು? ಇದಕ್ಕೆ ಉತ್ತರ ಹೇಳುವ ಮುನ್ನ ಶಾಖಕ್ಕೂ ಉಷ್ಣತೆಗೂ ಇರುವ ಭೇದವನ್ನು ಗಮನಿಸಬೇಕು. ಕಮ್ಮಾರನ ಸಾಲೆಯಲ್ಲಿ ಹಾರುವ ಕಿಡಿಯ ಉಷ್ಣತೆಯು ಬಹು ಹೆಚ್ಚು. ಆದರೂ ಅದು ಮೈಮೇಲೆ ಬಿದ್ದರೆ ಚುರುಕ್ಕೆಂದು ಆರಿಹೋಗುವುದು. ಹಂಡೆಯ ಕುದಿನೀರಿನ ಉಷ್ಣತೆಯು ಅದಕ್ಕಿಂತ ಎಷ್ಟೋ ಕಡಮೆಯಾದರೂ ಅದರಲ್ಲಿರುವ ಶಾಖದ ಮೊತ್ತವು ಬಹಳವಾದುದರಿಂದ ಅಪಾಯವೂ ಹೆಚ್ಚು. ಈ ಭೇದವನ್ನು ಸ್ಪಷ್ಟಪಡಿಸಿದವರಲ್ಲಿಯೂ ಮೇಲೆ ಹೇಳಿದ ಬ್ಲ್ಯಾಕನೇ ಅಗ್ರಗಣ್ಯನು.

ಸುಣ್ಣದ ಕಲ್ಲು ಒಡೆದು ವಾಯುವನ್ನು ಬಿಡಬೇಕಾದರೆ ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನ ಉಷ್ಣತೆ ಬೇಕು. ೧೦೦ ಗ್ರಾಂ ಶುದ್ಧ ಕಲ್ಲನ್ನು ಒಡೆಯುವುದಕ್ಕಾಗಿಯೇ ಸುಮಾರು ೧೭೮ ಕಿಲೋಜೂಲಿನಷ್ಟು ಶಾಖವು ವೆಚ್ಚವಾಗುವುದು. ಗೂಡಿನ ಗೋಡೆಗೂ ಹೊಗೆಗೂ ಹೋಗುವ ನಷ್ಟವು ಬೇರೆ. ಈ ೧೭೮ರ ಪಾಲು ನಾಶವಾಗುವುದಿಲ್ಲ. ಅದೇ ಸುಣ್ಣವು ನೀರಿನಲ್ಲಿ ಅರಳುವಾಗ ಸುಮಾರು ೬೫ ಪಾಲು ಒಮ್ಮೆಗೇ ಹಿಂದಿರುಗುವುದು. ಗೋಡೆಗೆ ಬಳಿದ ಸುಣ್ಣವು ತಿಂಗಳುಗಟ್ಟಲೆ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಕಲ್ಲಾಗುವಾಗ ಮಿಕ್ಕ ೧೧೩ ಪಾಲು ಯಾರಿಗೂ ತಿಳಿಯದಷ್ಟು ನಿಧಾನವಾಗಿ ಹೊರಬೀಳುವುದು. ೬೫ಕ್ಕೆ ೧೧೩ ಸೇರಿದರೆ ೧೭೮. ಜಮೆಗೂ ಖರ್ಚಿಗೂ ತಾಳೆಯಾಯಿತು. ಯಾವ ದಾರಿಯಲ್ಲಿ ಹೋದರೂ ಶಾಖದ ಒಟ್ಟು ಲೆಕ್ಕವು ಒಂದೇ ಎಂಬ ಈ ನಿಯಮವನ್ನು ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಹೆಸ್ ಎಂಬ ವಿದ್ವಾಂಸನು ೧೮೪೦ರಲ್ಲಿ ಪ್ರತಿಪಾದಿಸಿದನು. ಸೌದೆಯ ಶಾಖವಾದರೋ, ಮರದ ಎಲೆಗಳು ಬಿಸಿಲನ್ನು ಕೂಡಿಟ್ಟುದರ ಫಲ. ಆದಕಾರಣ ಸುಣ್ಣದ ತೊಟ್ಟಿಯ ಕುದಿತದಲ್ಲಿ ಕಾಣುವುದು ಹಿಂದೆಂದೋ ಕಾಡಿನ ಮೇಲೆ ಬಿದ್ದ ಬಿಸಿಲು.

ಒಂದು ಕಿಲೋ ಶುದ್ಧ ಸುಟ್ಟ ಸುಣ್ಣವು ಅರಳುವಾಗ ಹೊರಡುವ ಶಾಖವು, ಸ್ವಲ್ಪವೂ ನಷ್ಟವಾಗದ ಪಕ್ಷಕ್ಕೆ, ಮೂರು ಲೀಟರು ತಣ್ಣೀರನ್ನು ಕುದಿಸಲು ಸಾಕಾಗುವುದು. ಆದುದರಿಂದ ಸುಣ್ಣವನ್ನು ಅರಳಿಸುವ ಸ್ಥಳಕ್ಕೆ ಮಕ್ಕಳನ್ನು ಬಿಡಕೂಡದು. ಸುಣ್ಣವು ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳವಾದ ಶುದ್ಧ ನೀರಿನಿಂದ ಬಹುಹೊತ್ತು ತೊಳೆದು, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಪರಮಾಣುಗಳ ತೂಕ

ಕಲ್ಲು ೧೦೦, ಸುಟ್ಟ ಸುಣ್ಣ ೫೬, ವಾಯು ೪೪, ನೀರು ೧೮, ಅರಳಿದ ಸುಣ್ಣ ೭೪. ಈ ಅಂಕಿಗಳು ಎಲ್ಲಿಂದ ಬಂದುವು? ಬಾಗಲಕೋಟೆಯ ಕಲ್ಲಾಗಲಿ, ಕಲಬುರಗಿಯ ಕಲ್ಲಾಗಲಿ, ಕರಾವಳಿಯ ಚಿಪ್ಪಾಗಲಿ, ಅದರಲ್ಲಿನ ಶುದ್ಧಾಂಶವನ್ನು ತೆಗೆದುಕೊಂಡರೆ ಲೆಕ್ಕವು ಎಲ್ಲಿಯೂ ವ್ಯತ್ಯಾಸವಾಗದಿರುವುದೇಕೆ?

ಫ್ರಾನ್ಸಿನ ಲವಾಸಿಯೇ ಎಂಬ ಮಹಾ ರಸಾಯನಜ್ಞನು ೧೭೮೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮತ್ತೆ ವಿಭಾಗಿಸಲಾಗದ ಮೂಲವಸ್ತುಗಳ ಪಟ್ಟಿಯೊಂದನ್ನು ಕೊಟ್ಟು ಅದರಲ್ಲಿ ಸುಣ್ಣವನ್ನೂ ಸೇರಿಸಿದ್ದನು. ಏಕೆಂದರೆ ಆ ಕಾಲದಲ್ಲಿ ಅದನ್ನು ಒಡೆಯುವ ಸಾಧನವು ಯಾರಲ್ಲಿಯೂ ಇರಲಿಲ್ಲ. ೧೮೦೮ರಲ್ಲಿ ಲಂಡನ್ ನಗರದಲ್ಲಿ ಹಂಫ್ರಿ ಡೇವಿಯು ವಿದ್ಯುತ್ತಿನ ಸಹಾಯದಿಂದ ಸುಣ್ಣವನ್ನು ಒಡೆದು ಕ್ಯಾಲ್ಸಿಯಂ ಎಂಬ ಲೋಹವನ್ನು ಬೇರ್ಪಡಿಸಿದನು. ಅದೇ ವರ್ಷ ಮ್ಯಾಂಚೆಸ್ಟರಿನ ಉಪಾಧ್ಯಾಯನಾದ ಜಾನ್ ಡಾಲ್ಟನ್ ಎಂಬಾತನು, ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ನಿಯತ ತೂಕವುಳ್ಳ ಪರಮಾಣುಗಳಿಂದಾದುದೆಂದೂ, ಅವು ಇಡೀ ಇಡೀ ಸಂಖ್ಯೆಯಲ್ಲಿಯೇ ಕೂಡುವುವೆಂದೂ ತನ್ನ ಗ್ರಂಥದಲ್ಲಿ ವಿವರಿಸಿದನು. ಅವನು ಕೊಟ್ಟ ತೂಕಗಳಲ್ಲಿ ದೋಷಗಳಿದ್ದರೂ ತತ್ತ್ವವು ನಿಂತಿತು.

ಈಗ ಗೊತ್ತಾಗಿರುವ ತೂಕಗಳನ್ನು ದುಂಡಾಗಿ ಹೇಳುವುದಾದರೆ, ಜಲಜನಕ ೧, ಇಂಗಾಲ ೧೨, ಆಮ್ಲಜನಕ ೧೬, ಕ್ಯಾಲ್ಸಿಯಂ ೪೦. ಸುಣ್ಣದ ಕಲ್ಲಿನಲ್ಲಿ ಕ್ಯಾಲ್ಸಿಯಂ ಒಂದು, ಇಂಗಾಲ ಒಂದು, ಆಮ್ಲಜನಕ ಮೂರು: ೪೦, ೧೨, ೪೮ ಕೂಡಿ ೧೦೦. ಸುಟ್ಟ ಸುಣ್ಣದಲ್ಲಿ ಕ್ಯಾಲ್ಸಿಯಂ ಒಂದು, ಆಮ್ಲಜನಕ ಒಂದು: ೫೬. ಹೊರಟುಹೋದ ವಾಯುವಿನಲ್ಲಿ ಇಂಗಾಲ ಒಂದು, ಆಮ್ಲಜನಕ ಎರಡು: ೪೪. ನೀರಿನಲ್ಲಿ ಜಲಜನಕ ಎರಡು, ಆಮ್ಲಜನಕ ಒಂದು: ೧೮. ಗೂಡಿನಲ್ಲಾಗಲಿ ತೊಟ್ಟಿಯಲ್ಲಾಗಲಿ ಒಂದು ಪರಮಾಣುವೂ ಹುಟ್ಟುವುದಿಲ್ಲ, ಒಂದೂ ಸಾಯುವುದಿಲ್ಲ. ಅವು ಜೊತೆಯನ್ನು ಬದಲಾಯಿಸುವುವು, ಅಷ್ಟೆ. ಅವು ಎಷ್ಟು ಸೂಕ್ಷ್ಮವೆಂದರೆ, ೧೦೦ ಗ್ರಾಂ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಪರಮಾಣುಗಳ ಸಂಖ್ಯೆಯನ್ನು ಬರೆಯಲು ೬ರ ಮುಂದೆ ೨೩ ಸೊನ್ನೆಗಳನ್ನು ಇಡಬೇಕಾಗುವುದು. ಅವನ್ನು ಎಣಿಸಲಾಗದು, ಆದರೆ ತೂಗಬಹುದು.

ಇದರಿಂದ ಬೇಸಾಯಗಾರರಿಗೆ ಪ್ರಯೋಜನ

ಮೊದಲನೆಯದು, ಕೊಳ್ಳುವ ಲೆಕ್ಕ. ಬಹಳ ಮಳೆ ಬೀಳುವ ಪ್ರದೇಶಗಳಲ್ಲಿ ನೀರು ಮಣ್ಣಿನ ಸುಣ್ಣಾಂಶವನ್ನು ತೊಳೆದೊಯ್ಯುವುದರಿಂದ ಭೂಮಿಯು ಹುಳಿಯಾಗುವುದು. ಮಣ್ಣು ಪರೀಕ್ಷೆಯ ನಂತರ ಒಂದು ಭೂಮಿಗೆ ಶುದ್ಧವಾದ ಸುಣ್ಣದ ಕಲ್ಲಿನ ಪುಡಿಯು ೫೦೦ ಕಿಲೋ ಬೇಕೆಂದು ಗೊತ್ತಾಯಿತೆಂದಿಟ್ಟುಕೊಳ್ಳೋಣ. ಅದರ ಕೆಲಸವನ್ನು ೩೭೦ ಕಿಲೋ ಅರಳಿದ ಸುಣ್ಣವಾಗಲಿ, ೨೮೦ ಕಿಲೋ ಸುಟ್ಟ ಸುಣ್ಣವಾಗಲಿ ಮಾಡುವುದು. ಈ ಮೂರರ ಕ್ರಯವನ್ನೂ ಸಾಗಣೆಯ ವೆಚ್ಚವನ್ನೂ ಹೋಲಿಸಿ, ಯಾವುದು ಅಗ್ಗವೋ ಅದನ್ನು ಕೊಳ್ಳಬಹುದು. ಆದರೆ ೩೭೦ ಕಿಲೋ ಅರಳಿದ ಸುಣ್ಣವು ಗಾಳಿಗೆ ತೆರೆದು ಬಿದ್ದು ಪೂರ್ಣವಾಗಿ ಮಾರ್ಪಟ್ಟಿದ್ದರೆ, ಅದು ೨೨೦ ಕಿಲೋ ವಾಯುವನ್ನು ಹೀರಿ, ೯೦ ಕಿಲೋ ನೀರನ್ನು ಬಿಟ್ಟು, ೫೦೦ ಕಿಲೋ ತೂಗುವುದು. ಸತ್ತ್ವವು ಮಾತ್ರ ಹಿಂದಿನಷ್ಟೇ. ಅದನ್ನು ಹೊಸ ಸುಣ್ಣದ ದರದಲ್ಲಿ ಕೊಂಡವನು ೧೩೦ ಕಿಲೋ ಹೆಚ್ಚಳಕ್ಕೆ ಸುಮ್ಮನೆ ಹಣ ತೆತ್ತಂತಾಯಿತು. ಪರೀಕ್ಷೆಯು ಸುಲಭ: ಒಂದು ಚಿಟಿಕೆ ಸುಣ್ಣದ ಮೇಲೆ ನಿಂಬೆಹಣ್ಣಿನ ರಸವನ್ನು ಹಿಂಡಬೇಕು. ಹೊಸ ಸುಣ್ಣವು ನೊರೆಯುಕ್ಕಿಸುವುದಿಲ್ಲ. ಗಾಳಿ ತಿಂದ ಸುಣ್ಣವು ಬುಸುಬುಸು ನೊರೆಯುಕ್ಕಿಸುವುದು.

ಎರಡನೆಯದು, ಬೋರ್ಡೋ ದ್ರಾವಣ. ಗಾಳಿ ತಿಂದ ಸುಣ್ಣದಿಂದ ಮೈಲುತುತ್ತದ ಹುಳಿಯು ಸರಿಯಾಗಿ ಮುರಿಯುವುದಿಲ್ಲ. ಅಂತಹ ದ್ರಾವಣವು ಎಲೆಯನ್ನೂ ಎಳೆಗಾಯನ್ನೂ ಸುಡುವುದು. ಹೊಳೆಯುವ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟಾಗ ಅದರ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸಬೇಕು.

ಮೂರನೆಯದು, ಗೊಬ್ಬರ. ಸುಣ್ಣವನ್ನು ಅಮೋನಿಯಂ ಸಲ್ಫೇಟಿನೊಡನೆ ಎಂದಿಗೂ ಬೆರೆಸಬಾರದು. ಹಾಗೆ ಬೆರೆಸಿದರೆ ಮೂಗಿಗೆ ಘಾಟು ಬಡಿಯುವುದು; ಆ ಘಾಟೇ ಅಮೋನಿಯಾ, ಎಂದರೆ ಬೆಳೆಗೆ ಸೇರಬೇಕಾಗಿದ್ದ ಸಾರಜನಕವು ಗಾಳಿಗೆ ಹಾರಿಹೋಗುತ್ತಿರುವ ಗುರುತು. ಎರಡಕ್ಕೂ ನಡುವೆ ಕೆಲವು ವಾರಗಳ ಅಂತರವಿರಬೇಕು.

ನಾಲ್ಕನೆಯದು ಹಣಕ್ಕಲ್ಲ, ಪ್ರಾಣಕ್ಕೆ ಸಂಬಂಧಿಸಿದುದು. ಗಾಳಿಯ ಸರಾಸರಿ ತೂಕ ಇದೇ ಲೆಕ್ಕದಲ್ಲಿ ೨೯. ಇಂಗಾಲಾಮ್ಲ ವಾಯುವಿನದು ೪೪. ಒಂದೂವರೆ ಪಾಲು ಭಾರವಾದ ಈ ವಾಯುವು ತಗ್ಗಿನಲ್ಲಿ ನೀರಿನಂತೆ ನಿಲ್ಲುವುದು. ಅದಕ್ಕೆ ಬಣ್ಣವಿಲ್ಲ. ಹಗೇವಿನೊಳಗಿನ ಧಾನ್ಯವೂ ಉಸಿರಾಡುವುದು. ಅದು ಆಮ್ಲಜನಕವನ್ನು ಮುಗಿಸಿ ಇಂಗಾಲಾಮ್ಲವನ್ನು ತುಂಬುವುದು. ಬಹುಕಾಲ ಮುಚ್ಚಿದ್ದ ಹಗೇವಿಗಾಗಲಿ ಹಾಳುಬಾವಿಗಾಗಲಿ ಇಳಿದವನು ಕುಸಿದು ಬೀಳುವುದು ಈ ಕಾರಣದಿಂದ. ಅದು ಗಾಳಿಯ ಕಾಟವೂ ಅಲ್ಲ, ದೆವ್ವದ ಕಾಟವೂ ಅಲ್ಲ. ಉರಿಯುವ ದೀಪವನ್ನು ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯಲ್ಲಿ ದೀಪ ನಂದಿದರೆ ಅಪಾಯ ನಿಶ್ಚಯ. ಆದರೆ ದೀಪ ಉರಿದ ಮಾತ್ರಕ್ಕೆ ಕ್ಷೇಮವೆಂದು ನಂಬಲಾಗದು, ಮತ್ತು ಉರಿಯುವ ವಾಯುವಿರಬಹುದಾದ ಮಲದ ಗುಂಡಿ, ಗೋಬರ್ ಅನಿಲದ ಗುಂಡಿಗಳ ಬಳಿ ದೀಪವನ್ನು ಒಯ್ಯಲೇಬಾರದು. ಬಾಯಿ ತೆರೆದು ಹೊಸ ಗಾಳಿಯು ಚೆನ್ನಾಗಿ ಆಡುವಂತೆ ಮಾಡದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಎಳೆಯುವವರಿಲ್ಲದೆ ಯಾರನ್ನೂ ಇಳಿಸಕೂಡದು. ಬಿದ್ದವನನ್ನು ಎತ್ತಲು ಮತ್ತೊಬ್ಬನು ಹಾಗೆಯೇ ಧುಮುಕಿದರೆ ಎರಡು ಮನೆಗಳು ಹಾಳಾಗುವುವು. ಅಗ್ನಿಶಾಮಕ ದಳಕ್ಕೆ ಒಡನೆಯೇ ತಿಳಿಸಬೇಕು. ಚಳಿಗೆಂದು ಉರಿಯುವ ಸುಣ್ಣದ ಗೂಡಿನ ಬಳಿ ಮಲಗುವುದೂ ಇದೇ ವಿಧವಾದ ಅಪಾಯಕ್ಕೆ ಎಡೆಯಾಗುವುದು.

ಗ್ರಾಮದ ಮುಖಂಡರೂ ಜಮೀನುದಾರರೂ ಈ ನಾಲ್ಕು ವಿಷಯಗಳನ್ನು ತಮ್ಮ ಆಳುಕಾಳುಗಳಿಗೂ ನೆರೆಹೊರೆಯವರಿಗೂ ತಿಳಿಯಹೇಳತಕ್ಕದ್ದು. ಸುಣ್ಣದ ನೀರಿನ ಪರೀಕ್ಷೆಯನ್ನು ಊರಿನ ಶಾಲೆಯಲ್ಲಿ ಒಮ್ಮೆ ಮಾಡಿಸಿ ತೋರಿಸಿದರೆ ಮಾತಿನಿಂದಾಗದ ಕೆಲಸವು ಕಣ್ಣಿನಿಂದಾಗುವುದು. ಮುಂದಿನ ಸಲ ಸುಣ್ಣವನ್ನು ಕೊಳ್ಳುವಾಗ ಮಂಕರಿಯನ್ನು ಬದಿಗಿಟ್ಟು ತಕ್ಕಡಿಯನ್ನೂ ಒಂದು ನಿಂಬೆಹಣ್ಣನ್ನೂ ಜೊತೆಗೆ ಒಯ್ಯಲಿ.