ಕಂದುವ ಬೆಳಕಿನ ಸಾಕ್ಷ್ಯ

ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 7800 ಜ್ಯೋತಿರ್ವರ್ಷಗಳ ದೂರದಲ್ಲಿ, ವಿ404 ಸಿಗ್ನಿ ಎಂಬ ನೀರಸ ನಾಮಧೇಯದ ಯಮಳವೊಂದುಂಟು. ಅದರಲ್ಲಿ ಒಂದು ಸೂರ್ಯನಿಗಿಂತ ತುಸು ತಂಪಾದ ನಕ್ಷತ್ರ, ಇನ್ನೊಂದು ಆ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುವ ಕೃಷ್ಣವಿವರ. ಸೆಳೆದ ಅನಿಲವು ನೇರವಾಗಿ ಒಳಬೀಳದೆ, ಚಕ್ರಾಕಾರವಾಗಿ ಸುತ್ತುತ್ತ ದಶಕಗಳ ಕಾಲ ಶೇಖರಗೊಂಡು, ಕಾದು ಅಸ್ಥಿರವಾದಾಗ ಒಳಧುಮುಕಿ ಕ್ಷಕಿರಣಗಳನ್ನು ಸೂಸುತ್ತದೆ. 1938ರಲ್ಲಿ ಇದನ್ನು ಕಂಡವರು ನವತಾರೆಯೆಂದೇ ಬಗೆದರು. 1989ರ ಮೇ ತಿಂಗಳಿನಲ್ಲಿ ಜಪಾನಿನ ಗಿಂಗಾ ಉಪಗ್ರಹವು ಅದರ ಕ್ಷಕಿರಣಗಳನ್ನು ಗುರುತಿಸಿದ ಮೇಲಷ್ಟೇ ನಿಜಸ್ವರೂಪದ ಸುಳಿವು ದೊರೆತದ್ದು.

ಜನರು ಕೊಂಡಾಡುವುದು ಇಂತಹ ಉಜ್ಜ್ವಲ ಘಳಿಗೆಗಳನ್ನು. ಜ್ಞಾನದೃಷ್ಟಿಯಿಂದಲಾದರೋ ಕಂದುವ ಕಾಲವೇ ಹೆಚ್ಚು ಫಲಪ್ರದವೆಂದು ನನ್ನ ಎಣಿಕೆ. ಚಕ್ರದ ಪ್ರಭೆ ಪ್ರಖರವಾಗಿರುವವರೆಗೆ ಸಂಗಾತಿ ನಕ್ಷತ್ರವು ಅದರಲ್ಲಿ ಮರೆಯಾಗಿರುತ್ತದೆ. ಆ ಪ್ರಭೆ ಇಳಿದ ಮೇಲೆ ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷೆಲ್ ದೂರದರ್ಶಕದಿಂದ ನಕ್ಷತ್ರದ ವರ್ಣಪಟಲವನ್ನು ಪರಿಶೀಲಿಸಿದ ಕಸಾರೆಸ್, ಚಾರ್ಲ್ಸ್ ಮತ್ತು ನೇಯ್ಲರ್ ಎಂಬ ವಿದ್ವಾಂಸರು, ಅದು ಸುಮಾರು ಆರೂವರೆ ದಿನಗಳಿಗೊಮ್ಮೆ ಕಾಣದ ಜೊತೆಗಾರನೊಡನೆ ಒಂದು ಸುತ್ತು ಮುಗಿಸುತ್ತದೆಂದೂ, ಆ ಜೊತೆಗಾರನ ದ್ರವ್ಯರಾಶಿ ಸೂರ್ಯನ ಆರು ಪಟ್ಟಿಗಿಂತ ಕಡಿಮೆಯಿರಲಾರದೆಂದೂ 1992ರಲ್ಲಿ ಪ್ರಕಟಿಸಿದರು. ನ್ಯೂಟ್ರಾನ್ ನಕ್ಷತ್ರವು ಮೂರು ಪಟ್ಟನ್ನು ಮೀರಲಾರದೆಂಬುದು ಸಾಮಾನ್ಯ ಗ್ರಹಿಕೆಯಾದ್ದರಿಂದ, ಕೃಷ್ಣವಿವರವೆನ್ನದೆ ಗತ್ಯಂತರವಿರಲಿಲ್ಲ.

ಮಂಕಾದ ಆ ಬೆಳಕೂ ಸ್ಥಿರವಲ್ಲ. ಕೃಷ್ಣವಿವರದ ಆಕರ್ಷಣೆಗೆ ಸಿಲುಕಿದ ನಕ್ಷತ್ರವು ಗುಂಡಾಗಿರದೆ, ಮಾವಿನಕಾಯಿಯಂತೆ ಒಂದು ಕಡೆಗೆ ನೀಳವಾಗಿರುತ್ತದೆ. ಅದರ ಪಾರ್ಶ್ವವು ನಮ್ಮತ್ತ ತಿರುಗಿದಾಗ ಬೆಳಗುವ ಮೈ ಹೆಚ್ಚು ಕಂಡು ಕಾಂತಿ ಏರುತ್ತದೆ, ತುದಿ ತಿರುಗಿದಾಗ ಇಳಿಯುತ್ತದೆ. ಹೀಗೆ ಒಂದು ಸುತ್ತಿಗೆ ಎರಡು ಏರು, ಎರಡು ಇಳಿವು. ಈ ನಿಧಾನದ ಏರಿಳಿತದ ಮೇಲೆ, ಉಳಿದ ಅನಿಲಚಕ್ರದಿಂದ ಹೊಮ್ಮುವ ನಿಮಿಷ-ಗಂಟೆಗಳ ಅನಿಯತ ಮಿನುಗು ಬೆರೆತುಕೊಳ್ಳುತ್ತದೆ. ಇವೆರಡನ್ನೂ ಬೇರ್ಪಡಿಸದೆ ಕಕ್ಷೆಯ ವಾಲಿಕೆ ತಿಳಿಯದು; ವಾಲಿಕೆ ತಿಳಿಯದೆ ನಿಜವಾದ ದ್ರವ್ಯರಾಶಿ ದೊರೆಯದು. ತಾಳ್ಮೆಯ ಆ ಗಣಿತದಿಂದ ಬಂದ ಫಲ, ಸುಮಾರು ಒಂಬತ್ತು ಸೂರ್ಯರಷ್ಟು.

2015ರ ಜೂನ್ 15ರಂದು ಅದು ಮತ್ತೆ ಹೊತ್ತಿಕೊಂಡಿತು. ಕ್ಯೋಟೊದ ಮಾರಿಕೊ ಕಿಮುರ ಮತ್ತು ಸಂಗಡಿಗರು, ಹವ್ಯಾಸಿ ವೀಕ್ಷಕರ ನೆರವಿನಿಂದ, ನೂರು ಸೆಕೆಂಡಿನಿಂದ ಎರಡೂವರೆ ಗಂಟೆಯವರೆಗಿನ ಅವಧಿಯಲ್ಲಿ ಮರುಕಳಿಸುವ ವಿನ್ಯಾಸಗಳನ್ನು ಕಣ್ಣಿಗೆ ಕಾಣುವ ಬೆಳಕಿನಲ್ಲೇ ಗುರುತಿಸಿದರು. 26ರ ಸುಮಾರಿಗೆ ಪರಾಕಾಷ್ಠೆ ತಲಪಿದ ಪ್ರಭೆ ಕೆಲವೇ ದಿನಗಳಲ್ಲಿ ಸರ್ರನೆ ಕುಸಿಯಿತು; ಚಕ್ರದಿಂದ ಹೊರಬೀಸಿದ, ಸೆಕೆಂಡಿಗೆ 3000 ಕಿಲೋಮೀಟರ್ ವೇಗದವರೆಗಿನ ಗಾಳಿಯು ಒಳಬೀಳಬೇಕಿದ್ದ ಅನಿಲವನ್ನು ಬರಿದುಮಾಡಿದ್ದೇ ಇದಕ್ಕೆ ಕಾರಣವಿರಬಹುದೆಂದು ಕೆಲವರ ಮತ. ಪೂರ್ತಿ ಬರಿದಾಗಿರಲಿಲ್ಲವೆಂಬುದು ನಿಶ್ಚಯ. ಅದೇ ವರ್ಷದ ಡಿಸೆಂಬರಿನಲ್ಲಿ ವಿ404 ಇನ್ನೊಮ್ಮೆ, ಸಣ್ಣ ಪ್ರಮಾಣದಲ್ಲಿ, ಉಜ್ಜ್ವಲಿಸಿತು.