ಬೇರಿನೊಳಗೆ ಕೆಂಪು!

"ಚಿಕ್ಕಮ್ಮಾ, ರಕ್ತ!"

ಅಕ್ಕನ ಮಗಳು ಕಿರುಚಿದ ರಭಸಕ್ಕೆ ಬದುವಿನ ಮೇಲಿದ್ದ ಗೊರವಂಕಗಳು ಪುರ್ರನೆ ಹಾರಿದವು. ಅವಳ ಕೈಯಲ್ಲಿ ಬುಡಸಮೇತ ಕಿತ್ತ ಅವರೆಗಿಡ. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ಒಂದನ್ನು ಉಗುರಿನಲ್ಲಿ ಸೀಳಿದ್ದಾಳೆ. ಒಳಗೆ ತಿಳಿಗೆಂಪು! ಅವಳು ಹೇಳಿದ್ದು ತೀರಾ ತಪ್ಪೇನಲ್ಲ. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತಕ್ಕೆ ಬಣ್ಣ ಕೊಡುವ ಹಿಮೋಗ್ಲೋಬಿನ್ನಿನ ದಾಯಾದಿ. ಗಂಟಿನೊಳಗೆ ಕುಳಿತ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತದೆ. ಆಮ್ಲಜನಕ ಹೆಚ್ಚಾದರೆ ಆ ಕೆಲಸ ಕೆಡುತ್ತದೆ, ತೀರಾ ಕಡಿಮೆಯಾದರೆ ಬ್ಯಾಕ್ಟೀರಿಯಾಕ್ಕೆ ಉಸಿರಿಲ್ಲ. ಎಷ್ಟು ಬೇಕೋ ಅಷ್ಟೇ ಅಳೆದು ಕೊಡುವುದು ಈ ಕೆಂಪು! ಕಾಲಡಿಯ ಮಣ್ಣಿನಲ್ಲಿ ಇಷ್ಟೆಲ್ಲ ನಡೆಯುತ್ತಿದೆ, ನಾವು ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದೇವೆ.

ದಸರಾ ರಜೆ. ಚಾಮರಾಜನಗರ ದಾಟಿ ತಾಳವಾಡಿಗೆ ಬರುವಷ್ಟರಲ್ಲಿ ಬೋರ್ಡುಗಳ ಲಿಪಿ ತಮಿಳಾಗಿತ್ತು, ಜಿಲ್ಲೆ ಈರೋಡ್ ಆಗಿತ್ತು. ಜನರ ಬಾಯಲ್ಲಿ ಮಾತ್ರ ಅದೇ ಕನ್ನಡ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಈ ಸೀಮೆಯಲ್ಲೇ. ಹುಡುಗಿಗೆ ಅದ್ಯಾವುದೂ ಬೇಕಿರಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಮಕ್ಕಳೆಲ್ಲ ಸೇರಿ ಮಾಡಿದ ತೋಟ ಅವಳಿಗೆ ಗೊತ್ತು: ಒಂದು ಚೀಲಕ್ಕೆ ಒಂದೇ ಗಿಡ, ಪ್ರತಿ ಚೀಲಕ್ಕೂ ಒಡೆಯರ ಹೆಸರಿನ ಚೀಟಿ. ಇಲ್ಲಿ ನೋಡಿದರೆ ಅಕ್ಕಡಿ ಸಾಲು! ರಾಗಿಯ ನಡುನಡುವೆ ಅವರೆ, ತೊಗರಿ, ಹಳದಿ ಉರಿಯುವ ಹುಚ್ಚೆಳ್ಳು. ತೊಗರಿಯ ಬೇರು ಆಳಕ್ಕೆ ಇಳಿದರೆ ರಾಗಿಯದು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಅವರೆಯ ಕುಡಿಗೆ ಹೇನು ಮುತ್ತಿದೆಯೇ? ಅಗೋ, ಅದನ್ನು ಮುಕ್ಕಲು ಗುಲಗಂಜಿ ಹುಳ ಹಾಜರು! ಬದುವಿನಾಚೆ ಆನೆಲದ್ದಿ, ಅದರೊಳಗೂ ಹುಳುಗಳ ಸಂಸಾರ. 2013ರಿಂದ ಹುಲಿ ಮೀಸಲು ಪ್ರದೇಶವಾಗಿರುವ ಸತ್ಯಮಂಗಲ ಕಾಡು ಇಲ್ಲಿ ಹಿತ್ತಲಿಗೇ ಅಂಟಿಕೊಂಡಿದೆ. ಬೆಳೆ ಕೈಗೆ ಬರುವವರೆಗೆ ರಾತ್ರಿ ಕಾವಲು ತಪ್ಪಿದ್ದಲ್ಲ. ಆನೆಯ ಚಂದ ಹೊಲದವರಿಗೆ ಅಷ್ಟಕ್ಕಷ್ಟೇ.

ಹುಚ್ಚೆಳ್ಳಿನ ಹೂವಿಗೆ ಮುಖ ಹಚ್ಚಿ ನಿಂತವಳನ್ನು ಅಲುಗಿಸಲಾಗಲಿಲ್ಲ. ತುಡುವೆ ಜೇನೊಂದು ಕಾಲಿಗೆ ಹಳದಿ ಮೆತ್ತಿಕೊಂಡು ಹೂವಿಂದ ಹೂವಿಗೆ ಹಾರುತ್ತಿತ್ತು. "ಒಂದೇ ಗಿಡ ಇದ್ರೆ ಕಾಳು ಕಟ್ಟಕ್ಕಿಲ್ಲ ಕಣ್ ಮಗ, ಜೊತೆ ಬೇಕು" ಎಂದರು ಹೊಲದ ಅಜ್ಜಿ. ಸಸ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ: ಹುಚ್ಚೆಳ್ಳು ತನ್ನದೇ ಪರಾಗಕ್ಕೆ ಸಾಮಾನ್ಯವಾಗಿ ಒಲಿಯದು, ಇನ್ನೊಂದು ಗಿಡದ್ದನ್ನು ಜೇನು ಹೊತ್ತು ತರಬೇಕು.

ಹುಡುಗಿ ಗಪ್ಪಾದಳು. ಆಮೇಲೆ ಅಜ್ಜಿಯ ಸೆರಗು ಹಿಡಿದು ಬೀಜ ಕೇಳಿದಳು, ಒಂದು ಹಿಡಿಯಲ್ಲ, ಒಂದು ಸೇರು! ಈಗ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಯ ಬೆಲ್ ಒತ್ತಿ ಪೊಟ್ಟಣ ಹಂಚುತ್ತಿದ್ದಾಳೆ: "ಆಂಟಿ, ನೀವೂ ಹಾಕ್ಲೇಬೇಕು, ಇಲ್ದಿದ್ರೆ ನಂದು ಕಾಳು ಕಟ್ಟಲ್ಲ!"