ಪರದೆಯ ಪರೀಕ್ಷೆ: ಮಿತವ್ಯಯದ ಲ್ಯಾಪ್‌ಟಾಪ್ ಮತ್ತು ಛಾಯಾಚಿತ್ರ ಸಂಸ್ಕರಣ

ಮನೆಯ ಲೆಕ್ಕಪತ್ರ, ಮಕ್ಕಳ ಪಾಠ, ವಿದ್ಯುತ್ ಬಿಲ್ಲಿನ ಪಾವತಿ, ದೂರದೇಶದಲ್ಲಿರುವ ಬಂಧುಗಳೊಡನೆ ಮುಖಾಮುಖಿ ಸಂಭಾಷಣೆ ಮೊದಲಾದ ನಿತ್ಯದ ಕಾರ್ಯಗಳ ಜೊತೆಗೆ, ತಾನು ತೆಗೆದ ಛಾಯಾಚಿತ್ರಗಳನ್ನು ತಿದ್ದಿ ಒಪ್ಪಗೊಳಿಸುವ ಹವ್ಯಾಸವನ್ನೂ ಇರಿಸಿಕೊಂಡಿರತಕ್ಕ ಗೃಹಸ್ಥನೊಬ್ಬನು 50,000 ರೂಪಾಯಿಗಳ ಆಸುಪಾಸಿನಲ್ಲಿ ಲ್ಯಾಪ್‌ಟಾಪೊಂದನ್ನು ಕೊಳ್ಳಬೇಕೆಂದು ಅಂಗಡಿಯ ಮೆಟ್ಟಿಲನ್ನು ಹತ್ತಿದನೆಂದರೆ, ಅವನ ಕಿವಿಗೆ ಮೊಟ್ಟಮೊದಲು ಬೀಳುವುದು ಪ್ರೊಸೆಸರಿನ ಹೆಸರು. ಅದರ ತರುವಾಯ ರ್ಯಾಮಿನ ಪ್ರಮಾಣ. ಆಮೇಲೆ ಎಸ್‌ಎಸ್‌ಡಿಯ ಗಾತ್ರ. ಪರದೆಯ ಪ್ರಸ್ತಾಪ ಬರುವ ವೇಳೆಗೆ ಮಾರುವವನ ಉತ್ಸಾಹ ಬತ್ತಿಹೋಗಿ, "ಫುಲ್ ಎಚ್‌ಡಿ ಸಾರ್, ದೊಡ್ಡ ಸ್ಕ್ರೀನು" ಎಂಬ ಒಂದೇ ವಾಕ್ಯದಲ್ಲಿ ಆ ಅಧ್ಯಾಯ ಮುಗಿದುಹೋಗುತ್ತದೆ. ಚಿತ್ರಸಂಸ್ಕರಣದ ಆಸೆಯುಳ್ಳವನು ಈ ಅನುಕ್ರಮವನ್ನು ತಲೆಕೆಳಗು ಮಾಡಿಕೊಂಡು, ಮೊದಲು ಪರದೆಯನ್ನು ಪರೀಕ್ಷಿಸಿ ಉಳಿದ ಹಣದಲ್ಲಿ ಉಳಿದುದನ್ನು ಹೊಂದಿಸಿಕೊಳ್ಳತಕ್ಕದ್ದು ಎಂಬುದೇ ಇಲ್ಲಿ ನಾವು ಪ್ರತಿಪಾದಿಸಹೊರಟಿರುವ ಪಕ್ಷ.

ಇದಕ್ಕೆ ಕಾರಣ ಸರಳವಾದುದು. ಪ್ರೊಸೆಸರು ಮಂದವಾಗಿದ್ದರೆ ಚಿತ್ರವೊಂದನ್ನು ಹೊರತೆಗೆಯುವುದಕ್ಕೆ ಐದು ಸೆಕೆಂಡುಗಳ ಬದಲು ಇಪ್ಪತ್ತು ಸೆಕೆಂಡು ಹಿಡಿಯಬಹುದೇ ವಿನಾ, ಹೊರಬಂದ ಚಿತ್ರದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಲಕ್ಷ ರೂಪಾಯಿಯ ಯಂತ್ರವೂ ಮೂವತ್ತು ಸಾವಿರದ ಯಂತ್ರವೂ ಒಂದೇ ತಂತ್ರಾಂಶದಲ್ಲಿ, ಒಂದೇ ತಿದ್ದುಪಡಿಗೆ, ಒಂದೇ ಫಲವನ್ನು ಕೊಡುತ್ತವೆ. ಪರದೆಯ ದೋಷ ಆ ಬಗೆಯದಲ್ಲ. ಅದು ಚಿತ್ರದಲ್ಲಿ ಇರುವ ಬಣ್ಣವನ್ನು ಇಲ್ಲವೆಂದು ತೋರಿಸಿ, ತಿದ್ದುವವನ ಕೈಯನ್ನು ಅಡ್ಡದಾರಿಗೆಳೆದು, ಸರಿಯಾಗಿದ್ದ ಚಿತ್ರವನ್ನು ಅವನಿಂದಲೇ ಕೆಡಿಸುತ್ತದೆ.

ಅದು ಹೇಗೆಂಬುದನ್ನು ತುಸು ವಿಸ್ತಾರವಾಗಿ ನೋಡೋಣ. ಸಾಧಾರಣ ಜೆಪೆಗ್ ಚಿತ್ರದ ಪ್ರತಿಯೊಂದು ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಮೂಲವರ್ಣಗಳಿಗೆ ತಲಾ 256 ಮೆಟ್ಟಿಲುಗಳಿದ್ದು, ಅವುಗಳ ಸಂಯೋಗದಿಂದ ಸುಮಾರು 1.67 ಕೋಟಿ ವರ್ಣಗಳು ಸಾಧ್ಯವಾಗುತ್ತವೆ. ಆದರೆ ಈ ಅಂಕಿಗಳು ಕೇವಲ ಅಂಕಿಗಳು. "ಕೆಂಪು 255" ಎಂದರೆ ಎಷ್ಟು ಗಾಢವಾದ ಕೆಂಪು ಎಂಬುದನ್ನು ಪರದೆಯ ಮೂಲವರ್ಣವೇ ನಿರ್ಣಯಿಸಬೇಕು. ಈ ಗೊಂದಲವನ್ನು ನಿವಾರಿಸುವುದಕ್ಕಾಗಿಯೇ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಸೇರಿ ಎಸ್‌ಆರ್‌ಜಿಬಿ ಎಂಬ ವರ್ಣಮಾನವನ್ನು ಸೂಚಿಸಿದವು. 1999ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನ್ಯತೆಯೂ ದೊರೆಯಿತು. ಜಾಲತಾಣಗಳು, ಮೊಬೈಲುಗಳು, ಊರಿನ ಸ್ಟುಡಿಯೋದ ಮುದ್ರಣಯಂತ್ರ ಇವೆಲ್ಲವೂ ಸಾಮಾನ್ಯವಾಗಿ ಈ ಮಾನವನ್ನೇ ಅಪೇಕ್ಷಿಸುತ್ತವೆ. ಹೀಗಿರುವಲ್ಲಿ, ಎಸ್‌ಆರ್‌ಜಿಬಿಯ ವ್ಯಾಪ್ತಿಯನ್ನು ಪೂರ್ತಿಯಾಗಿ, ಅಥವಾ ಪೂರ್ತಿಗೆ ತೀರ ಸಮೀಪವಾಗಿ, ತೋರಿಸಬಲ್ಲ ಪರದೆ ಗೃಹಬಳಕೆಯ ಛಾಯಾಗ್ರಾಹಕನಿಗೆ ಸಾಕು. ಅದಕ್ಕೂ ಹಿರಿದಾದ ವ್ಯಾಪ್ತಿಗಾಗಿ ಹಣ ಸುರಿಯುವ ಅಗತ್ಯ ಅವನಿಗಿಲ್ಲ.

ಆದರೆ ಅಗ್ಗದ ಲ್ಯಾಪ್‌ಟಾಪುಗಳ ವಿವರಪಟ್ಟಿಯನ್ನು ಓದಿದರೆ ಅಲ್ಲಿ ಕಾಣುವುದು ಬೇರೊಂದು ಅಂಕಿ: "45% ಎನ್‌ಟಿಎಸ್‌ಸಿ". ಇದು 1953ರಲ್ಲಿ ಅಮೆರಿಕದ ವರ್ಣ ಟೆಲಿವಿಷನ್ನಿಗಾಗಿ ಗೊತ್ತುಮಾಡಿದ ಹಳೆಯ ಮಾನ. ಇಂದಿನ ಟೆಲಿವಿಷನ್ನಿಗಾಗಲಿ ಕಂಪ್ಯೂಟರಿಗಾಗಲಿ ಅದರಿಂದ ನೇರವಾದ ಪ್ರಯೋಜನವಿಲ್ಲವಾದರೂ, ಪರದೆಯನ್ನು ತಯಾರಿಸುವವರ ಪರಿಭಾಷೆಯಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಎಸ್‌ಆರ್‌ಜಿಬಿಯ ವಿಸ್ತಾರವು ಎನ್‌ಟಿಎಸ್‌ಸಿಯ ವಿಸ್ತಾರದಲ್ಲಿ ಸುಮಾರು ಶೇಕಡಾ 72ರಷ್ಟು. ಆದಕಾರಣ 45% ಎನ್‌ಟಿಎಸ್‌ಸಿ ಎಂದರೆ ಎಸ್‌ಆರ್‌ಜಿಬಿಯಲ್ಲಿ ಹೆಚ್ಚುಕಡಮೆ ಶೇಕಡಾ 62 ಮಾತ್ರ ಎಂದಾಯಿತು. ಎಸ್‌ಆರ್‌ಜಿಬಿಯ ವರ್ಣವ್ಯಾಪ್ತಿಯಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲಾದುದು ಆ ಪರದೆಯ ಮೇಲೆ ಹುಟ್ಟುವುದೇ ಇಲ್ಲ. ಪಟ್ಟಿಯಲ್ಲಿ "72% ಎನ್‌ಟಿಎಸ್‌ಸಿ" ಎಂದೋ "100% ಎಸ್‌ಆರ್‌ಜಿಬಿ" ಎಂದೋ ಇದ್ದರೆ ಅದು ನಮಗೆ ಬೇಕಾದ ಪರದೆ. ಏನನ್ನೂ ಹೇಳದೆ ಮೌನವಾಗಿದ್ದರೆ, ಈ ಬೆಲೆಯಲ್ಲಿ ಅದನ್ನು 45 ಎಂದೇ ಭಾವಿಸುವುದು ಕ್ಷೇಮ.

ಮದುವೆಮನೆಯ ಚಿತ್ರವೊಂದನ್ನು ತೆಗೆದುಕೊಳ್ಳೋಣ. ಮದುಮಗಳ ಮೈಸೂರು ರೇಷ್ಮೆಯ ಕಡುಗೆಂಪು, ಹಣೆಯ ಕುಂಕುಮ, ಚಪ್ಪರದ ಮಾವಿನ ತೋರಣದ ಹಸಿರು ಇವೆಲ್ಲ ವರ್ಣವ್ಯಾಪ್ತಿಯ ಅಂಚಿನ ಬಳಿ ಇರತಕ್ಕವು. ಸಂಕುಚಿತವಾದ ಪರದೆಯ ಮೇಲೆ ಆ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿದು, ಹಸಿರು ಬಾಡಿ, ಮುಖಗಳು ಪೇಲವವಾಗಿ ಕಾಣುತ್ತವೆ. ಚಿತ್ರವೇ ಸಪ್ಪೆಯಾಗಿದೆಯೆಂದು ತಿಳಿದ ಹವ್ಯಾಸಿಯು ವರ್ಣಸಾಂದ್ರತೆಯನ್ನು ಎಳೆದೆಳೆದು ಏರಿಸಿ, ತನ್ನ ಕಣ್ಣಿಗೆ ಹಿತವೆನಿಸಿದ ಕ್ಷಣದಲ್ಲಿ ಅದನ್ನು ಉಳಿಸಿ ಕಳುಹಿಸುತ್ತಾನೆ. ನ್ಯೂಜೆರ್ಸಿಯಲ್ಲಿರುವ ಸೋದರಿಯು ತನ್ನ ಮೊಬೈಲಿನ ವಿಶಾಲವ್ಯಾಪ್ತಿಯ ಪರದೆಯಲ್ಲಿ ನೋಡಿದಾಗ ಸೀರೆಯ ನೆರಿಗೆಗಳೆಲ್ಲ ಕರಗಿ ಒಂದೇ ಕೆಂಪು ಮುದ್ದೆಯಾಗಿ, ಮದುಮಗನ ಮುಖ ಬಿಸಿಲಿಗೆ ಬೆಂದಂತೆ ಕೆಂಪೇರಿ ಕಾಣುತ್ತದೆ. ಇಲ್ಲಿ ಕ್ಯಾಮೆರಾದ ದೋಷವೂ ಇಲ್ಲ, ತಿದ್ದಿದವನ ರಸಿಕತೆಯ ದೋಷವೂ ಇಲ್ಲ.

ಪರದೆಯ ಮತ್ತೊಂದು ಗುಣ ಅದರ ರಚನೆಯದು. ಟಿಎನ್ ಎಂಬ ಹಳೆಯ ಬಗೆಯ ಪರದೆಯಲ್ಲಿ ನೋಡುವ ಕೋನ ಸ್ವಲ್ಪ ಬದಲಾದರೂ ಬೆಳಕು ನೆರಳುಗಳ ಪ್ರಮಾಣ ಬದಲಾಗುತ್ತದೆ. ತಲೆಯನ್ನು ನಾಲ್ಕು ಬೆರಳು ಕೆಳಗಿಳಿಸಿದರೆ ನೆರಳಿನಲ್ಲಿದ್ದ ವಿವರ ಮಾಯವಾಗುತ್ತದೆ, ಮೇಲೆತ್ತಿದರೆ ಎಲ್ಲವೂ ಬಿಳುಚಿಕೊಳ್ಳುತ್ತದೆ. ಅಂತಹ ಪರದೆಯ ಮುಂದೆ ಕುಳಿತು ಚಿತ್ರದ ಬೆಳಕನ್ನು ತಿದ್ದುವುದು ವ್ಯರ್ಥಪ್ರಯಾಸ. ಐಪಿಎಸ್ ಬಗೆಯ ಪರದೆಯಲ್ಲಿ ಈ ಚಾಂಚಲ್ಯ ಬಹುಮಟ್ಟಿಗೆ ಇಲ್ಲ. ಆದರೆ ಐಪಿಎಸ್ ಎಂದೊಡನೆ ವರ್ಣವ್ಯಾಪ್ತಿಯೂ ಪೂರ್ಣವೆಂದು ನಂಬತಕ್ಕದ್ದಲ್ಲ. 45% ಎನ್‌ಟಿಎಸ್‌ಸಿಯ ಐಪಿಎಸ್ ಪರದೆಗಳೇ ಈ ಬೆಲೆಯಲ್ಲಿ ಧಾರಾಳವಾಗಿ ಉಂಟು. ಬಿಂದುಗಳ ಸಂಖ್ಯೆ 1920×1080ಕ್ಕೆ ಕಡಮೆಯಿರಬಾರದು, ಪ್ರಕಾಶ 300 ನಿಟ್ಸ್ ಇದ್ದರೆ ಒಳ್ಳೆಯದು. ಈ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ಅಂಗಡಿಯಲ್ಲಿ ತೋರಿಸುವ ಚಲನಚಿತ್ರದ ತುಣುಕುಗಳನ್ನು ನೋಡಿ ಮರುಳಾಗದೆ, ತನ್ನದೇ ನಾಲ್ಕಾರು ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಎರಡು ಮೂರು ಯಂತ್ರಗಳಲ್ಲಿ ಒಂದರ ಪಕ್ಕದಲ್ಲೊಂದು ತೆರೆದು ನೋಡತಕ್ಕದ್ದು. ರೇಷ್ಮೆಸೀರೆಯನ್ನು ಕೊಳ್ಳುವಾಗ ಅಂಗಡಿಯ ದೀಪವನ್ನು ನಂಬದೆ ಸೆರಗನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡುವ ಗೃಹಿಣಿಯ ವಿವೇಕವೇ ಇಲ್ಲಿಯೂ ಬೇಕಾದುದು. ಕಡುಗೆಂಪಿನ ಬಟ್ಟೆ, ಹಸಿರು ಗದ್ದೆ, ಮಂದಬೆಳಕಿನ ಒಳಾಂಗಣ, ಮನುಷ್ಯರ ಮುಖ, ಕಪ್ಪಿನಿಂದ ಬಿಳುಪಿನವರೆಗೆ ಹಂತಹಂತವಾಗಿ ಏರುವ ಬೂದುಪಟ್ಟಿ ಇಷ್ಟಿದ್ದರೆ ಪರೀಕ್ಷೆಗೆ ಸಾಕು.

ಪರದೆಯಿಂದ ಮುಂದೆ ರ್ಯಾಮಿಗೆ ಬರೋಣ. 24 ಮೆಗಾಪಿಕ್ಸೆಲಿನ ಕ್ಯಾಮೆರಾದ ರಾ ಕಡತವು, ಅಂದರೆ ಸಂಸ್ಕರಿಸದ ಮೂಲಚಿತ್ರವು, ಡಿಸ್ಕಿನ ಮೇಲೆ ಸುಮಾರು 25ರಿಂದ 30 ಮೆಗಾಬೈಟ್ ಇದ್ದರೂ, ತಿದ್ದುವುದಕ್ಕೆಂದು ತೆರೆದಾಗ ಅದರ ಗಾತ್ರ ಬೇರೆಯೇ ಆಗುತ್ತದೆ. ಎರಡು ಕೋಟಿ ನಲವತ್ತು ಲಕ್ಷ ಬಿಂದುಗಳು, ಪ್ರತಿ ಬಿಂದುವಿಗೆ ಮೂರು ವರ್ಣಗಳು, ಪ್ರತಿ ವರ್ಣಕ್ಕೆ 16 ಬಿಟ್ ಅಂದರೆ ಎರಡು ಬೈಟ್, ಗುಣಿಸಿದರೆ 14.4 ಕೋಟಿ ಬೈಟುಗಳು, ಅರ್ಥಾತ್ 144 ಮೆಗಾಬೈಟ್. ಅದರ ಮೇಲೆ ಹತ್ತು ಪದರಗಳನ್ನು ಹೊದಿಸಿದರೆ ಒಂದೂವರೆ ಗಿಗಾಬೈಟಿನ ಸಮೀಪಕ್ಕೆ ಬಂತು. ಹಿಂದಿನ ಹೆಜ್ಜೆಗಳನ್ನು ರದ್ದುಮಾಡುವ ಸೌಕರ್ಯಕ್ಕಾಗಿ ತಂತ್ರಾಂಶವು ಇಟ್ಟುಕೊಳ್ಳುವ ನಕಲುಗಳು ಬೇರೆ. ವಿಂಡೋಸ್ ಮತ್ತು ಬ್ರೌಸರುಗಳು ತಮ್ಮ ಪಾಲನ್ನು ನುಂಗಿದ ಮೇಲೆ 8 ಗಿಗಾಬೈಟಿನಲ್ಲಿ ಉಳಿಯುವ ಅವಕಾಶ ಅಲ್ಪ. ಅದೂ ತುಂಬಿದಾಗ ಯಂತ್ರವು ರ್ಯಾಮಿನ ಕೆಲಸವನ್ನು ಡಿಸ್ಕಿಗೆ ಒಪ್ಪಿಸಿ ತೆವಳತೊಡಗುತ್ತದೆ. ಆದ್ದರಿಂದ 16 ಗಿಗಾಬೈಟ್ ಬೇಕು. ಕೊಳ್ಳುವಾಗಲೇ ಇಲ್ಲದಿದ್ದರೂ ಚಿಂತೆಯಿಲ್ಲ, ಮುಂದೆ ಸೇರಿಸುವುದಕ್ಕೆ ಖಾಲಿ ಸ್ಲಾಟ್ ಇರಬೇಕು. ಯಂತ್ರವನ್ನು ತೆಳ್ಳಗೆ ಮಾಡುವ ಹುಚ್ಚಿನಲ್ಲಿ ರ್ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿ ಮಾರುವ ಪದ್ಧತಿ ಈಗ ಹಬ್ಬಿದೆ. ಆ ತೆಳುವಿನಿಂದ ಮನೆಯ ಮೇಜಿಗೆ ಏನು ಉಪಕಾರವಾಯಿತೋ ನಮಗೆ ತಿಳಿಯದು.

ಪ್ರೊಸೆಸರಿನ ಹೆಸರುಗಳಲ್ಲಿ ಒಂದು ಮಾಯೆ ಅಡಗಿದೆ. ಎಎಂಡಿ ಸಂಸ್ಥೆಯ ರೈಜನ್ 5 7520ಯು ಮತ್ತು ರೈಜನ್ 5 7530ಯು ಎಂಬೆರಡು ಹೆಸರುಗಳ ನಡುವೆ ಕಿವಿಗೆ ಕೇಳಿಸುವ ಅಂತರ ಹತ್ತೇ ಅಂಕ. ಆ ಸರಣಿಯಲ್ಲಿ ಮೂರನೆಯ ಅಂಕಿಯೇ ಒಳರಚನೆಯ ಪೀಳಿಗೆಯನ್ನು ಸೂಚಿಸತಕ್ಕದ್ದೆಂಬುದನ್ನು ಅರಿತವನಿಗೆ, ಮೊದಲನೆಯದು 2019ರ ಜೆನ್ 2 ರಚನೆಯ ನಾಲ್ಕು ಕೋರುಗಳ ಯಂತ್ರವೆಂದೂ, ಎರಡನೆಯದು ಜೆನ್ 3 ರಚನೆಯ ಆರು ಕೋರುಗಳದೆಂದೂ ಗೋಚರವಾಗುತ್ತದೆ. ಮೇಲಾಗಿ ಮೊದಲನೆಯದರ ಜೊತೆಗೆ ಬರುವ ರ್ಯಾಮು ಬೆಸುಗೆಯದು. ಇಂಟೆಲ್ ಪ್ರೊಸೆಸರುಗಳ ಕೊನೆಯಲ್ಲಿ ಬರುವ ಯು ಅಕ್ಷರವು ಮಿತವಿದ್ಯುತ್ತಿನ ಬಗೆಯನ್ನೂ, ಎಚ್ ಅಕ್ಷರವು ಹೆಚ್ಚು ವಿದ್ಯುತ್ತನ್ನು ಬೇಡುವ ಚುರುಕಾದ ಬಗೆಯನ್ನೂ ಸೂಚಿಸುತ್ತವೆ. ಛಾಯಾಚಿತ್ರಕ್ಕೆ ಐ5 ಅಥವಾ ರೈಜನ್ 5 ದರ್ಜೆಯ ಇತ್ತೀಚಿನ ಪೀಳಿಗೆ ಸಾಕು. ಆಟಗಳಿಗಾಗಿ ಜೋಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನಿಂದ, ಕೃತಕಬುದ್ಧಿಯ ನೆರವಿನಿಂದ ಚಿತ್ರದ ಕಾಳುಗಳನ್ನು ತೊಡೆಯುವಂಥ ಕೆಲವು ಕೆಲಸಗಳಲ್ಲಿ ಲಾಭವುಂಟಾದರೂ, ಆ ಹಣವನ್ನು ಪರದೆಗೆ ಹಾಕುವುದು ಮೇಲು. ಶೇಖರಣೆಗೆ 512 ಗಿಗಾಬೈಟಿನ ಎಸ್‌ಎಸ್‌ಡಿ ಇದ್ದು, ಹಳೆಯ ಚಿತ್ರಗಳನ್ನು ಎರಡು ಪ್ರತ್ಯೇಕ ಹೊರ ಹಾರ್ಡ್‌ಡಿಸ್ಕುಗಳಲ್ಲಿ ಇರಿಸಿಕೊಂಡರೆ ಸಾಕು. ಒಂದೇ ಪ್ರತಿಯನ್ನು ನಂಬುವುದು ತರವಲ್ಲ.

ಹೊಸದನ್ನೇ ಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ಹೊರಹಾಕಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಮೊದಲಾದ ಗಟ್ಟಿಮುಟ್ಟಾದ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಹೊಸದರ ಅರ್ಧಕ್ಕಿಂತ ಕಡಮೆ ಬೆಲೆಗೆ ಸಿಗುವುದುಂಟು. ಆದರೆ ಒಂದೇ ಮಾದರಿಯ ಹೆಸರಿನಡಿಯಲ್ಲಿ ಎರಡು ಮೂರು ಬಗೆಯ ಪರದೆಗಳು ಬಂದಿರುತ್ತವೆಂಬುದನ್ನು ಮರೆಯಬಾರದು. 2018ರ ಥಿಂಕ್‌ಪ್ಯಾಡ್ ಟಿ480 1366×768ರ ಟಿಎನ್ ಪರದೆಯೊಡನೆಯೂ, ಐಪಿಎಸ್ ಪರದೆಯೊಡನೆಯೂ ಮಾರಾಟವಾದುದು. ಅಲ್ಲದೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತುಹೋಗಿದ್ದು, ವಿಂಡೋಸ್ 11 ಕೆಲವು ಅಪವಾದಗಳನ್ನು ಬಿಟ್ಟರೆ ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಳೆಯದನ್ನು ಅಂಗೀಕರಿಸುವುದಿಲ್ಲವಾಗಿ, ಅದಕ್ಕೂ ಹಿಂದಿನ ಯಂತ್ರವನ್ನು ಕೊಳ್ಳುವವನು ಲಿನಕ್ಸಿಗೆ ಒಗ್ಗಿಕೊಳ್ಳಲು ಸಿದ್ಧನಿರಬೇಕು. 2020ರ ನವೆಂಬರಿನಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ ಸೆಕೆಂಡ್‌ಹ್ಯಾಂಡಿನಲ್ಲಿ ದೊರೆತರೆ ಅದರ ಪರದೆಯನ್ನು ಹಳಿಯುವಂತಿಲ್ಲ, ಎಸ್‌ಆರ್‌ಜಿಬಿಗಿಂತ ವಿಶಾಲವಾದ ವ್ಯಾಪ್ತಿ ಅದರದು. ಆದರೆ ಅದರ ರ್ಯಾಮನ್ನಾಗಲಿ ಶೇಖರಣೆಯನ್ನಾಗಲಿ ಮುಂದೆ ಹೆಚ್ಚಿಸುವ ದಾರಿಯೇ ಇಲ್ಲ.

ನಮ್ಮ ಮಟ್ಟಿಗೆ ಅತ್ಯಂತ ಯುಕ್ತವಾಗಿ ತೋರುವ ಉಪಾಯ ಬೇರೊಂದಿದೆ. ಮನೆಯ ಲ್ಯಾಪ್‌ಟಾಪು ದಿನದ ಬಹುಭಾಗ ಮೇಜಿನ ಮೇಲೆಯೇ ಇರುವುದರಿಂದ, ಸಾಧಾರಣ ಪರದೆಯುಳ್ಳ, ಆದರೆ ರ್ಯಾಮಿನ ಸ್ಲಾಟಿರುವ ಯಂತ್ರವನ್ನು ಸುಮಾರು 40,000 ರೂಪಾಯಿಯೊಳಗೆ ಕೊಂಡು, ಮಿಕ್ಕ ಹತ್ತು ಸಾವಿರದ ಸುಮಾರಿನಲ್ಲಿ ಎಸ್‌ಆರ್‌ಜಿಬಿಯನ್ನು ಪೂರ್ತಿ ತೋರಿಸುವ 24 ಇಂಚಿನ ಐಪಿಎಸ್ ಮಾನಿಟರನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿಕೊಂಡರೆ, ಕಣ್ಣಿಗೂ ಕೊರಳಿಗೂ ಸುಖ. ಲ್ಯಾಪ್‌ಟಾಪು ಹಳತಾಗಿ ಹೋದ ಮೇಲೂ ಮಾನಿಟರು ಉಳಿಯುತ್ತದೆ. ಪ್ರವಾಸದಲ್ಲಿಯೇ ಚಿತ್ರ ತಿದ್ದಬೇಕೆನ್ನುವವರಿಗೆ ಮಾತ್ರ ಇದು ಒದಗದು.

ತಂತ್ರಾಂಶಕ್ಕೆಂದು ಪ್ರತ್ಯೇಕ ಹಣ ತೆಗೆದಿಡಬೇಕಾಗಿಲ್ಲ. ರಾ ಕಡತಗಳನ್ನು ಸಂಸ್ಕರಿಸುವ ಡಾರ್ಕ್‌ಟೇಬಲ್, ರಾಥೆರಪಿಗಳೂ, 1996ರಿಂದ ಬಳಕೆಯಲ್ಲಿರುವ ಗಿಂಪ್ ಕೂಡ ಮುಕ್ತವಾಗಿ ಸಿಗತಕ್ಕವು. ಡಾರ್ಕ್‌ಟೇಬಲ್ ಕಲಿಯುವವನ ತಾಳ್ಮೆಯನ್ನು ಪರೀಕ್ಷಿಸುತ್ತದೆ ಎಂಬುದೇನೋ ದಿಟ. ತಿಂಗಳ ಚಂದಾ ಕೊಟ್ಟು ಲೈಟ್‌ರೂಮ್ ಬಳಸುವವರು ಆ ಖರ್ಚನ್ನೂ ವರ್ಷದ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಯಂತ್ರ ಮನೆಗೆ ಬಂದೊಡನೆ ಮಾಡತಕ್ಕ ಮೊದಲ ಕೆಲಸವೆಂದರೆ, ಸಂಜೆಯ ವೇಳೆಗೆ ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ವ್ಯವಸ್ಥೆಯನ್ನೂ, ಪ್ರಕಾಶವನ್ನು ತಾನಾಗಿಯೇ ಏರಿಳಿಸುವ ವ್ಯವಸ್ಥೆಯನ್ನೂ ಚಿತ್ರ ತಿದ್ದುವ ಹೊತ್ತಿನಲ್ಲಿ ನಿಲ್ಲಿಸಿಟ್ಟು, ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳದ ಕಡೆ ಮೇಜನ್ನು ಹಾಕಿಕೊಳ್ಳುವುದು. ಆಮೇಲೆ ಮುಖಗಳೂ ಗಾಢವರ್ಣಗಳೂ ಇರುವ ಚಿತ್ರವೊಂದನ್ನು ತಿದ್ದಿ, ಬಣ್ಣವನ್ನು ತಾವಾಗಿ ಬದಲಿಸದಿರುವಂತೆ ಸ್ಟುಡಿಯೋದವರಿಗೆ ಹೇಳಿ, ಅಂಚೆಕಾರ್ಡಿನ ಗಾತ್ರದಲ್ಲಿ ಮುದ್ರಿಸಿಕೊಂಡು ಬಂದು, ಹಗಲಿನ ಬೆಳಕಿನಲ್ಲಿ ಪರದೆಯ ಪಕ್ಕದಲ್ಲಿಟ್ಟು ಹೋಲಿಸಿ ನೋಡತಕ್ಕದ್ದು. ಮುದ್ರಣವು ಪರದೆಗಿಂತ ಕಪ್ಪಾಗಿ ಬಂದಿದ್ದರೆ ಪರದೆಯ ಪ್ರಕಾಶವನ್ನು ಇಳಿಸಿದರೆ ಸಾಕು. ಕೆಂಪು ಹಸಿರುಗಳೇ ಹೊಂದದಿದ್ದರೆ ಸರಕನ್ನು ಹಿಂದಿರುಗಿಸುವ ಅವಧಿ ಇನ್ನೆಷ್ಟು ದಿನ ಉಳಿದಿದೆಯೆಂದು ರಸೀದಿಯನ್ನು ತೆಗೆದು ನೋಡಬೇಕು.